ಕಾರವಾರದ ಸೆಕೆಯಲ್ಲಿ ಫೆಲನಾಪ್ಸಿಸ್ ಆರ್ಕಿಡ್ ಹೂದಂಟು ಬಿಡುತ್ತಿಲ್ಲ: ತೊಂದರೆ ತಳಿಯದ್ದೋ, ತಾಪಮಾನದ್ದೋ?

ಜಗಲಿ_ಕಾರವಾರ:
ದೊಡ್ಡ ಬಿಳಿ ಹೂವಿನ ನಾಲ್ಕು ಫೆಲನಾಪ್ಸಿಸ್ ಹೈಬ್ರಿಡ್ ಗಿಡಗಳಿವೆ. ಒಂದೊಂದಕ್ಕೂ ಐದಾರು ದಪ್ಪ ಎಲೆ, ಬೇರು ಗಟ್ಟಿಯಾಗಿದೆ. ಕುಂಡದಲ್ಲಿ ಇದ್ದಿಲು, ಹೆಂಚಿನ ಚೂರು, ತೆಂಗಿನ ಸಿಪ್ಪೆಯ ತುಂಡು. ಪೂರ್ವದ ಜಗಲಿ, 75% ಶೇಡ್ ನೆಟ್, ವಾರಕ್ಕೊಮ್ಮೆ ಲೀಟರಿಗೆ 1 ಗ್ರಾಂ 19:19:19 ಗೊಬ್ಬರ. ಎರಡು ವರ್ಷದಿಂದ ಎಲೆ ಬಿಟ್ಟರೆ ಬೇರೇನಿಲ್ಲ. ಡಿಸೆಂಬರ್‌ನಲ್ಲಿ ರಾತ್ರಿ 20, ಮಧ್ಯಾಹ್ನ 32 ಡಿಗ್ರಿ. ಇದೇ ತಳಿ ಶಿರಸಿಯಲ್ಲಿ ವರ್ಷವೂ ಹೂ ಬಿಡುತ್ತದೆ. ರಾತ್ರಿಯ ಈ ತಂಪು ಸಾಲದೇ? ಒಂದು ಗಿಡ ಕಳೆದ ಫೆಬ್ರವರಿಯಲ್ಲಿ ದಂಟು ಬಿಟ್ಟಿತ್ತು; ಮೊಗ್ಗು ಬರಬೇಕಾದ ಗಂಟಿನಲ್ಲಿ ಮರಿಗಿಡ ಬಂತು. ಜೀನ್‌ನಲ್ಲೇ ದೋಷವಿರಬಹುದೇ?

ಘಟ್ಟದಮೇಲೆ_ಶಿರಸಿ:
ತಳಿ ಸರಿಯಾಗಿದೆ. ತೊಡಕಿರುವುದು ಹಗಲಿನದು. ಫೆಲನಾಪ್ಸಿಸ್ ದಂಟು ಬಿಡಲು ಹಗಲಿನ ತಾಪ ನಾಲ್ಕೈದು ವಾರ 26 ಡಿಗ್ರಿಗಿಂತ ಕೆಳಗೇ ನಿಲ್ಲಬೇಕು. ದಿನಕ್ಕೆ ಎಂಟು ತಾಸು 29 ಡಿಗ್ರಿ ತಗುಲಿದರೂ ಸಾಕು, ಉಳಿದ ಹದಿನಾರು ತಾಸು 20 ಇದ್ದರೂ ಹೂ ಬಿಡುವುದು ತೀರ ಕುಗ್ಗುತ್ತದೆ. ರಾತ್ರಿಯ ಚಳಿ ಹಗಲಿನ ಸೆಕೆಯನ್ನು ತೀರಿಸಿಕೊಡುವುದಿಲ್ಲ.

ಶಿರಸಿಯ ಹೂವಿಗೆ ಚಳಿಗಾಲ ಕಾರಣ ಎಂದು ತುಂಬ ಜನ ತಿಳಿದಿದ್ದಾರೆ. ಆದರೆ ಜನವರಿಯ ಮಧ್ಯಾಹ್ನ ಇಲ್ಲಿಯೂ 29–30 ಆಗುತ್ತದೆ. ಕೆಲಸ ಮಾಡುವುದು ಮಳೆಗಾಲ. ಜುಲೈ, ಆಗಸ್ಟ್‌ನಲ್ಲಿ ಘಟ್ಟದ ಮೇಲೆ ನೆರಳಿನಲ್ಲಿ ಹಗಲು 25ರ ಆಸುಪಾಸು, ರಾತ್ರಿ 20–21. ಹಸಿರುಮನೆಯವರು ದುಡ್ಡು ಸುರಿದು ತರಿಸುವ ಹವೆಯೇ ಅದು. ಅದೇ ಮಳೆಯಲ್ಲಿ ಕರಾವಳಿಯ ಹಗಲು 28–29ಕ್ಕೆ ನಿಲ್ಲುತ್ತದೆ. ಮೂರು ಡಿಗ್ರಿಯ ಅಂತರ, ಹೂವಿಗೂ ಎಲೆಗೂ ನಡುವಿನ ಗೆರೆ ಅಲ್ಲೇ ಇದೆ.

ಸಸ್ಯಶಾಸ್ತ್ರ_ಕುಮಟಾ:
ಜೀನ್ ವಿಷಯಕ್ಕೆ ಬರುತ್ತೇನೆ. ಎಲೆಯಲ್ಲಿ ಎಫ್‌ಟಿ ಎಂಬ ಜೀನ್ ಚುರುಕಾದಾಗ ಅದರ ಪ್ರೋಟೀನು ಆಹಾರ ಸಾಗಿಸುವ ಫ್ಲೋಯಂ ನಾಳದಲ್ಲಿ ಹರಿದು ಮೊಗ್ಗಿನ ತುದಿ ಮುಟ್ಟುತ್ತದೆ, ಅಲ್ಲಿ ಎಫ್‌ಡಿ ಎಂಬ ಜೊತೆಗಾರ ಪ್ರೋಟೀನಿಗೆ ಅಂಟಿ ಹೂವಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಫೆಲನಾಪ್ಸಿಸ್ ಅಫ್ರೊಡೈಟಿ ಪ್ರಭೇದದಲ್ಲಿ 2015ರಲ್ಲಿ ವಿವರಿಸಿದ ಪಿಎಎಫ್‌ಟಿ1 ಎಂಬ ಎಫ್‌ಟಿ ಜೀನ್ ತಂಪಿಗೆ ಹೆಚ್ಚುತ್ತದೆ, ಹಗಲಿನ ಉದ್ದಕ್ಕೆ ಸೊಪ್ಪು ಹಾಕುವುದಿಲ್ಲ. ಪಠ್ಯಪುಸ್ತಕದ ಅರಬಿಡಾಪ್ಸಿಸ್ (ಪ್ರಯೋಗಾಲಯಗಳಲ್ಲಿ ಬಳಸುವ ಸಣ್ಣ ಗಿಡ) ಇದಕ್ಕೆ ತದ್ವಿರುದ್ಧ: ಅದು 27 ಡಿಗ್ರಿಯಲ್ಲಿ ಬೇಗ ಹೂ ಬಿಡುತ್ತದೆ, 16ರಲ್ಲಿ ತಡಮಾಡುತ್ತದೆ, ಏಕೆಂದರೆ ಅಲ್ಲಿ ಎಸ್‌ವಿಪಿ ಜೀನ್ ತಂಪಿನಲ್ಲಿ ಎಫ್‌ಟಿಯನ್ನು ಅದುಮಿ ಹಿಡಿಯುತ್ತದೆ. ಅದನ್ನು ಓದಿ ಆರ್ಕಿಡ್‌ಗೆ ಹೊಂದಿಸಹೋದರೆ ಲೆಕ್ಕ ತಪ್ಪುತ್ತದೆ.

ಮರಿಗಿಡದ ಪ್ರಶ್ನೆಗೆ ಉತ್ತರ ಎರಡನೇ ಹಂತದಲ್ಲಿದೆ. ಎಲೆಯ ಬುಡದಲ್ಲಿರುವ ಕಂಕುಳ ಮೊಗ್ಗು ಎಚ್ಚತ್ತು ದಂಟಾಗುವುದು ಒಂದು, ಆ ದಂಟಿನ ಗಂಟುಗಳಲ್ಲಿ ಹೂವಿನ ಭಾಗ ರೂಪುಗೊಳ್ಳುವುದು ಇನ್ನೊಂದು. ದಂಟು ಐದಾರು ಸೆಂ.ಮೀ. ಇರುವಾಗ ಹಗಲು 30, ರಾತ್ರಿ 25 ಆಯಿತೆಂದರೆ ಗಿಡದಲ್ಲಿ ಜಿಬ್ಬರೆಲಿನ್ ಎಂಬ ಬೆಳವಣಿಗೆಯ ಹಾರ್ಮೋನು ಕುಸಿಯುತ್ತದೆ, ಹೂ ಅಲ್ಲೇ ನಿಲ್ಲುತ್ತದೆ, ಗಂಟು ಎಲೆಯ ಕಡೆ ತಿರುಗಬಹುದು. ಫೆಬ್ರವರಿಯ ದಂಟಿಗೆ ಮಾರ್ಚ್‌ನ ಸೆಕೆ ಎದುರಾಗಿದೆ. ಜಿಎ3 ಎಂಬ ಜಿಬ್ಬರೆಲಿನ್ ಕೊಟ್ಟು ಹೂವನ್ನು ಮರಳಿಸಿದ ಪ್ರಯೋಗಗಳಿವೆ. ಮನೆಯಲ್ಲಿ ಮಾತ್ರ ಬೇಡ, ಪ್ರಮಾಣ ಮೀರಿದರೆ ಹೂ ವಿಕಾರವಾಗುತ್ತದೆ.

ಜಗಲಿ_ಕಾರವಾರ:
ಹಾಗಾದರೆ ಎಸಿ ಕೋಣೆಯಲ್ಲಿಟ್ಟರೆ ಆದೀತೇ? ನಾವು ಹಾಕುವುದು ರಾತ್ರಿ ಮಾತ್ರ.

ಘಟ್ಟದಮೇಲೆ_ಶಿರಸಿ:
ಹಗಲು ಹಾಕಬೇಕು. ಚಳಿಗಾಲಕ್ಕೆ ಕಾಯದೆ ಜುಲೈ ಮೊದಲ ವಾರ ಶುರು ಮಾಡಿ. ಹೊರಗೇ 28 ಇರುವುದರಿಂದ ಎಸಿಗೆ ಹೊರೆ ಕಡಿಮೆ, ದಂಟು ಹೊರಟ ಮೇಲೆ ಸೆಪ್ಟೆಂಬರ್‌ವರೆಗೂ ಜಗಲಿಯ ಹವೆ ಅದನ್ನು ಕೆಡಿಸುವಷ್ಟು ಬಿಸಿಯಾಗುವುದಿಲ್ಲ. ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ 23ಕ್ಕೆ ಇಡಿ. ರಾತ್ರಿ 24 ಆದರೂ ನಡೆಯುತ್ತದೆ. ಹೀಗೆ ಐದಾರು ವಾರ, ನಡುವೆ ದಿನ ತಪ್ಪಿಸಬೇಡಿ.

ಹೆಚ್ಚಿನವರು ಸೋಲುವುದು ಬೆಳಕಿನಲ್ಲಿ. ಕತ್ತಲ ಕೋಣೆಯ ತಂಪಿಗೆ ಗಿಡ ಜಗ್ಗುವುದಿಲ್ಲ, ದಂಟಿಗೆ ಬೇಕಾದ ಸಕ್ಕರೆ ಎಲೆಯಲ್ಲೇ ತಯಾರಾಗಬೇಕು. ಎಲೆಯ ಮಟ್ಟದಲ್ಲಿ ಸುಮಾರು 10,000 ಲಕ್ಸ್, ದಿನಕ್ಕೆ 12 ತಾಸು ಎಲ್‌ಇಡಿ ಕೊಡಿ. ಮೊಬೈಲಿನ ಲಕ್ಸ್ ಆ್ಯಪ್ ಅಂದಾಜಿಗೆ ಸಾಕು. ಥರ್ಮಾಮೀಟರ್ ಗೋಡೆಗೆ ಬೇಡ, ಎಲೆಯ ಪಕ್ಕದಲ್ಲೇ ಇರಲಿ, ದೀಪದ ಬಿಸಿಗೆ ಅಲ್ಲಿ ಎರಡು ಡಿಗ್ರಿ ಏರಿರಬಹುದು. ಎಸಿಯ ಗಾಳಿ ನೇರ ಬಡಿಯದಂತೆ ನೋಡಿ, ಗಾಳಿ ಒಣಗುವುದರಿಂದ ಕೆಳಗೆ ಜಲ್ಲಿ ಹಾಕಿದ ನೀರಿನ ತಟ್ಟೆ ಇಡಿ. ಸುಳಿಯಲ್ಲಿ ನೀರು ನಿಂತರೆ ಅಡಿಕೆಗೆ ಬಂದಂತೆ ಇದಕ್ಕೂ ಸುಳಿ ಕೊಳೆ.

ದಂಟು ಸಾಮಾನ್ಯವಾಗಿ ಮೇಲಿನಿಂದ ಮೂರನೇ ಅಥವಾ ನಾಲ್ಕನೇ ಎಲೆಯ ಬುಡದಲ್ಲಿ ಬರುತ್ತದೆ. ತುದಿ ದುಂಡಗಿದ್ದರೆ ಬೇರು. ಚಪ್ಪಟೆಯಾಗಿ ಒಂದು ಬದಿಗೆ ಮಡಚಿದಂತಿದ್ದರೆ ದಂಟು. ಅದು 10–15 ಸೆಂ.ಮೀ. ಆದ ಮೇಲೆ ಜಗಲಿಗೆ ತನ್ನಿ, 28 ದಾಟುವ ಮಧ್ಯಾಹ್ನಗಳಲ್ಲಿ ಮತ್ತೆ ಒಳಗೆ. ಮೊಗ್ಗು ಕಾಳುಮೆಣಸಿನ ಗಾತ್ರಕ್ಕೆ ಬರುವವರೆಗೆ ಈ ಎಚ್ಚರ ಬೇಕು.

ಹಿತ್ತಿಲು_ಅಂಕೋಲಾ:
ಎಸಿ ಬೇಡದವರಿಗೆ ಕರಾವಳಿಯಲ್ಲಿ ಡೆಂಡ್ರೋಬಿಯಂ ಸೋನಿಯಾ ಎಂಬ ಇನ್ನೊಂದು ಆರ್ಕಿಡ್ ಸರಿ. ಅದಕ್ಕೆ ತಂಪಿನ ಹಂಗಿಲ್ಲ, 50% ನೆರಳು ಮತ್ತು ಬಲಿತ ಕಾಂಡ ಸಾಕು. ಡೆಂಡ್ರೋಬಿಯಂ ನೋಬೈಲ್ ಕೊಳ್ಳಬೇಡಿ. ಅದಕ್ಕೆ 10–13 ಡಿಗ್ರಿಯ ಚಳಿ ನಾಲ್ಕಾರು ವಾರ ಬೇಕು. ಚಳಿ ಸಿಕ್ಕಾಗ ಕಂಕುಳ ಮೊಗ್ಗಿನಲ್ಲಿ ಡಿಎನ್‌ವಿಆರ್‌ಎನ್1 ಎಂಬ ಜೀನ್ ಏರುತ್ತದೆ. ಸಿಗದಿದ್ದರೆ ಗಂಟುಗಂಟಿಗೂ ಮರಿಗಿಡ.

ತಾಪ ಎಲ್ಲ ಆರ್ಕಿಡ್‌ನಲ್ಲೂ ಒಂದೇ ಕೆಲಸ ಮಾಡುವುದಿಲ್ಲ. ಡೆಂಡ್ರೋಬಿಯಂ ಕ್ರುಮೆನೇಟಂ ಸೆಕೆಯಲ್ಲೇ ಮೊಗ್ಗು ಕಟ್ಟಿ ತಡೆದು ನಿಲ್ಲುತ್ತದೆ. ಗುಡುಗು ಮಳೆಗೆ ಗಾಳಿ ಒಮ್ಮೆಲೇ ಐದು ಡಿಗ್ರಿ ಇಳಿದರೆ ಸುಮಾರು ಒಂಬತ್ತನೇ ದಿನ ಊರಿನ ಗಿಡಗಳೆಲ್ಲ ಒಟ್ಟಿಗೆ ಅರಳುತ್ತವೆ.

ಮರಿಗಿಡವನ್ನು ಎಸೆಯಬೇಡಿ. 5 ಸೆಂ.ಮೀ. ಉದ್ದದ ಮೂರು ಬೇರು ಬಂದ ಮೇಲೆ ಎರಡೂ ಬದಿಗೆ ಎರಡೆರಡು ಸೆಂ.ಮೀ. ದಂಟು ಉಳಿಸಿ ಕತ್ತರಿಸಿ, ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ, ಬೇರಿಗೆ ಮಾತ್ರ ತಾಗಿಸಬೇಡಿ, ಒಣಗಿಸುತ್ತದೆ. ಸಣ್ಣ ಇದ್ದಿಲಿನ ಕುಂಡಕ್ಕೆ ಕೂರಿಸಿದರೆ ಎರಡು ಮೂರು ವರ್ಷಕ್ಕೆ ಹೂವಿಗೆ ಬರುತ್ತದೆ.