ಸಿಸ್ಟರ್ಸ್ ನಡೆಸೋ ಹೈಸ್ಕೂಲಿಗೆ ಮಗಳನ್ನ ಸೇರಿಸ್ಬಹುದಾ? ಈ 'ಮಿಷನ್' ಅಂದ್ರೆ ಏನು?

ಕ್ಯಾತ್ಸಂದ್ರದವ್ನು:
ಎಲ್ರಿಗೂ ನಮಸ್ಕಾರ. ಮಗಳಿಗೆ ಮುಂದಿನ ವರ್ಷ 8ನೇ ಕ್ಲಾಸು, ತುಮಕೂರಲ್ಲೇ ಒಂದು ಕ್ಯಾಥೊಲಿಕ್ ಹೈಸ್ಕೂಲ್ ನೋಡ್ಕೊಂಡ್ ಬಂದ್ವಿ, ಶಿಸ್ತು ಚೆನ್ನಾಗಿದೆ, ರಿಸಲ್ಟೂ ಪರವಾಗಿಲ್ಲ. ಆದ್ರೆ ಪ್ರಾಸ್ಪೆಕ್ಟಸ್ಸಲ್ಲಿ ಅರ್ಧ ಪೇಜು ಬರೀ ಮಿಷನ್ನು, ಸೇವೆ, ಸ್ಥಾಪನೆ ಮಾಡಿದ ಮದರ್ ಬಗ್ಗೇನೇ ಇದೆ. ನಮ್ಮಮ್ಮ ನೋಡಿದ್ದೇ ತಡ "ಮಗೂನ ಕ್ರಿಶ್ಚನ್ ಮಾಡ್ಬಿಡ್ತಾರೆ ಕಣೋ" ಅಂತ ಶುರು ಹಚ್ಕೊಂಡಿದಾರೆ. ಅಂಥ ಕಡೆ ಓದಿದೋರು ಇದ್ರೆ ಒಳಗೆ ಏನ್ ನಡೆಯುತ್ತೆ ಹೇಳ್ರಪ್ಪಾ.

ಕೆಜಿಎಫ್ ಹುಡುಗಿ:
ನಾನು ಕೆಜಿಎಫ್ ಕಡೆ ಕಾನ್ವೆಂಟಲ್ಲಿ ಓದಿದೋಳು ಅಣ್ಣ, ಇವತ್ತಿಗೂ ವರಮಹಾಲಕ್ಷ್ಮಿ ಕೂರಿಸ್ತೀನಿ, ಅಮ್ಮಂಗೆ ಹೇಳಿ. ಬೆಳಿಗ್ಗೆ ಅಸೆಂಬ್ಲೀಲಿ ಪ್ರೇಯರ್ ಎಲ್ರಿಗೂ ಇರ್ತಿತ್ತು. ಕ್ಯಾಟಿಕಿಸಂ ಅಂದ್ರೆ ಅವರ ಧರ್ಮದ ಪಾಠದ ಪೀರಿಯಡ್ ಬಂದ್ರೆ ಕ್ಯಾಥೊಲಿಕ್ ಮಕ್ಕಳು ಬೇರೆ ರೂಮಿಗೆ ಎದ್ದೋಗೋರು, ಉಳಿದ ನಾವು ಅಲ್ಲೇ ಕೂತು ಮಾರಲ್ ಸೈನ್ಸು, ಸುಳ್ಳು ಹೇಳ್ಬೇಡಿ ಹಂಚ್ಕೊಂಡ್ ತಿನ್ನಿ ಇಂಥವೇ. ಫೈನ್ ಹಾಕ್ತಿದ್ದಿದ್ದು ತಮಿಳಲ್ಲೋ ಕನ್ನಡದಲ್ಲೋ ಮಾತಾಡಿದ್ರೆ, ದೇವರ ವಿಷಯಕ್ಕಲ್ಲ!

ರಿಟೈರ್ಡ್ ಮೇಷ್ಟ್ರು:
ಗಾಬರಿ ಆಗ್ಬೇಡಿ ಸಾರ್. ಮಿಷನ್ ಅಂತ ಬರೆಯೋದು ಆ ಸಿಸ್ಟರ್‌ಗಳ ಸಭೆ (ಅವರ ಸಂಘ) ಯಾಕೆ ಹುಟ್ಟಿತು ಅನ್ನೋದನ್ನ, ಒಂದೊಂದು ಸಭೇದು ಒಂದೊಂದು ಥರ. ಜೆಸ್ವಿಟ್ರು ಅಂತ ಕ್ಯಾಥೊಲಿಕ್ ಫಾದರ್‌ಗಳ ಒಂದು ಸಭೆ 1540ರಿಂದ ಇದೆ, ಅವರ ಆಗಿನ ಮುಖ್ಯಸ್ಥ ಪೆದ್ರೊ ಅರೂಪೆ 1973ರಲ್ಲಿ ಹಳೇ ವಿದ್ಯಾರ್ಥಿಗಳಿಗೆ ಬೇರೆಯವರಿಗೋಸ್ಕರ ಬಾಳೋರಾಗಿ ಅಂದ್ರು, ಈಗ್ಲೂ ಅವರ ಸ್ಕೂಲುಗಳು ಅದನ್ನೇ ಹಿಡ್ಕೊಂಡಿವೆ. ನಮ್ಮ ಕಡೆ 19ನೇ ಶತಮಾನದಲ್ಲಿ ಇದ್ದೋರಲ್ಲಿ ಫ್ರೆಂಚ್ ಫಾದರ್‌ಗಳೇ ಜಾಸ್ತಿ, ಬೆಂಗಳೂರಿನ ಸೇಂಟ್ ಜೋಸೆಫ್ಸ್ 1882ರಲ್ಲಿ ಅವರು ಶುರು ಮಾಡಿದ್ದು, 1937ರಲ್ಲಿ ಜೆಸ್ವಿಟ್ರಿಗೆ ಕೊಟ್ರು. ಕೋಲಾರ, ತುಮಕೂರು, ಚಿಕ್ಕಬಳ್ಳಾಪುರ ಈಗ ಬೆಂಗಳೂರು ಆರ್ಚ್‌ಡಯಾಸಿಸ್‌ಗೆ, ಅಂದ್ರೆ ಅಲ್ಲಿನ ಆರ್ಚ್‌ಬಿಷಪ್ ವ್ಯಾಪ್ತಿಗೆ ಸೇರುತ್ತೆ. ಕೆಜಿಎಫ್ ಕತೇನೇ ಬೇರೆ, 1880ರಲ್ಲಿ ಚಿನ್ನದ ಗಣಿಗೆ ಜಾನ್ ಟೇಲರ್ ಕಂಪನಿ ಬಂದ್ಮೇಲೆ ಆಂಗ್ಲೋ ಇಂಡಿಯನ್ನರು, ತಮಿಳು ಕೂಲಿ ಜನ ಎಲ್ಲಾ ಬಂದು ಸೇರಿದ್ರು, ಚರ್ಚುಗಳ ಜೊತೆ ಸ್ಕೂಲುಗಳೂ ಎದ್ವು. ಅದಿರ್ಲಿ, ಸಿದ್ಧಗಂಗೆ ಮಠದಲ್ಲಿ ಓದಿದೋರೆಲ್ಲ ಲಿಂಗಾಯತ್ರಾಗ್ಬಿಟ್ರಾ?

ಲಾಯರ್ ಚಿಂತಾಮಣಿ:
ಮೇಷ್ಟ್ರೇ, ಮಠದಲ್ಲಿ ಊಟ ವಸತಿ ಎಲ್ಲಾ ಫ್ರೀ, ಇಲ್ಲಿ ಫೀಸ್ ಕಟ್ಬೇಕಲ್ಲ, ಹೋಲಿಸ್ಬೇಡಿ. ಕಾನೂನು ಹೇಳ್ತೀನಿ. ಸಂವಿಧಾನದ 28(3) ಪ್ರಕಾರ ಮಾನ್ಯತೆ ಇರೋ ಸ್ಕೂಲಲ್ಲಿ ಪೋಷಕರ ಒಪ್ಪಿಗೆ ಇಲ್ದೆ ಮಗೂನ ಧಾರ್ಮಿಕ ಪಾಠಕ್ಕಾಗ್ಲಿ ಪೂಜೆಗಾಗ್ಲಿ ಕೂರಿಸೋ ಹಾಗಿಲ್ಲ. ಆ ಒಪ್ಪಿಗೆ ಅಡ್ಮಿಷನ್ ಫಾರಂನಲ್ಲೇ ಸೇರಿರಬಹುದು, ಹಾಗಾಗಿ ಪೂರ್ತಿ ಓದಿ ಸೈನ್ ಹಾಕಿ. ಇನ್ನು ಚಿಕ್ಕ ಮಕ್ಕಳಿಗೆ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟ್ ಕೇಳ್ಕೊಂಡ್ ಇಂಥ ಕಡೆ ಹೋಗೋರಿಗೆ, 2014ರ ಸುಪ್ರೀಂ ಕೋರ್ಟ್ ತೀರ್ಪಲ್ಲಿ ಅಲ್ಪಸಂಖ್ಯಾತರ ಸ್ಕೂಲಿಗೆ ಆ ಕಾಯ್ದೆ ಅನ್ವಯಿಸಲ್ಲ ಅಂತ ಆಗಿದೆ.

ಕ್ಯಾತ್ಸಂದ್ರದವ್ನು:
ಥ್ಯಾಂಕ್ಸ್ ಎಲ್ರಿಗೂ. ಅಮ್ಮಂಗೆ ವರಮಹಾಲಕ್ಷ್ಮಿ ವಿಷ್ಯ ಓದಿ ಹೇಳ್ದೆ, ಸ್ವಲ್ಪ ಮೆತ್ತಗಾದ್ರು. ಈಗ ಕನ್ನಡ ಮಾತಾಡಿದ್ರೆ ಫೈನ್ ಅಂದ್ರಲ್ಲ, ಅದ್ಕೆ ಅಪ್ಪ ಗರಂ ಆಗಿದಾರೆ. ಅಲ್ಲಿ ಫಸ್ಟ್ ಲ್ಯಾಂಗ್ವೇಜ್ ಕನ್ನಡ ತಗೋಬಹುದಾ ಅಂತ ಸೋಮವಾರ ಹೋಗಿ ಕೇಳ್ಬೇಕು.