ಅಪ್‌ಡೇಟ್: ಮುಕ್ತ ಕಾರ್ಯತಂತ್ರ ಸಭೆಯ ಕಾರ್ಯಸೂಚಿ ಕೊನೆಗೂ ಹದಕ್ಕೆ ಬಂತು

ನಮ್ಮ ಸಂಘದ ಎಲ್ಲ ಸದಸ್ಯರಿಗೂ ತೆರೆದಿರುವ ಕಾರ್ಯತಂತ್ರ ಸಭೆಗೆ ಕಾರ್ಯಸೂಚಿ ಸಿದ್ಧಪಡಿಸುವುದು ಹೇಗೆ ಎಂದು ಹಿಂದೆ ಇಲ್ಲಿ ಕೇಳಿದ್ದೆ, ನೀವು ಸಲಹೆಗಳನ್ನು ಕೊಟ್ಟಿದ್ದಿರಿ. ಸಭೆ ಮುಗಿಯಿತು, ಜಗಳವಿಲ್ಲದೆ!

ಕೈಹಿಡಿದದ್ದು ವಿಷಯಗಳನ್ನು ಪ್ರಶ್ನೆಯಾಗಿ ಬರೆಯಿರಿ ಎಂಬ ಸಲಹೆ. ಬರೀ ‘ಸದಸ್ಯತ್ವ’ ಎಂದಿದ್ದ ಸಾಲು ‘ಹೊಸಬರನ್ನು ಸೇರಿಸಿಕೊಳ್ಳುವುದೋ, ಇರುವವರನ್ನು ಉಳಿಸಿಕೊಳ್ಳುವುದೋ, ಯಾವುದು ಮೊದಲು?’ ಎಂದಾಯಿತು. ಪ್ರತಿ ಸಾಲಿನ ಪಕ್ಕದಲ್ಲಿ ಮಾಹಿತಿ, ಚರ್ಚೆ, ತೀರ್ಮಾನ ಇವುಗಳಲ್ಲೊಂದನ್ನು ನಮೂದಿಸಿದೆ. ‘ತೀರ್ಮಾನ’ ಎಂದಿದ್ದ ವಿಷಯಗಳಿಗೆ ಜನ ಓದಿಕೊಂಡೇ ಬಂದಿದ್ದರು. ಮಾಹಿತಿಯನ್ನೆಲ್ಲ ಮೊದಲೇ ಕಳುಹಿಸಿದ್ದರಿಂದ ವರದಿ ಕೇಳುತ್ತ ಕೂರುವ ಶಿಕ್ಷೆ ತಪ್ಪಿತು.

ಯಾರು ಬೇಕಾದರೂ ವಿಷಯ ಸೇರಿಸಲಿ ಎಂದು ಗೂಗಲ್ ಡಾಕ್ಸ್ ಕಡತ ತೆರೆದಿಡುವ ಸಲಹೆ ಮಾತ್ರ ಕೈಕೊಟ್ಟಿತು. ಪಟ್ಟಿ ಹನುಮಂತನ ಬಾಲವಾಯಿತು. ಸೇರಿಸಿದವರೇ ಸಭೆಯಲ್ಲಿ ಮಂಡಿಸಬೇಕು ಎಂದೊಡನೆ ಅರ್ಧಕ್ಕರ್ಧ ಸಾಲುಗಳು ತಾವಾಗಿಯೇ ಮಾಯವಾದವು.

ಅಚ್ಚರಿಯ ಸಂಗತಿಯೊಂದು ತಿಳಿಯಿತು. ಅಮೆರಿಕದ ಸಲಹೆಗಾರ ಹ್ಯಾರಿಸನ್ ಓವನ್ 1985ರಲ್ಲಿ ಆರಂಭಿಸಿದ ‘ಓಪನ್ ಸ್ಪೇಸ್’ ಎಂಬ ಸಭೆ ನಡೆಸುವ ಪದ್ಧತಿಯಲ್ಲಿ ಸಿದ್ಧ ಕಾರ್ಯಸೂಚಿಯೇ ಇರುವುದಿಲ್ಲ. ಬಂದವರೇ ಹಾಳೆಯಲ್ಲಿ ವಿಷಯ ಬರೆದು ಗೋಡೆಗೆ ಅಂಟಿಸುತ್ತಾರೆ. ಕೊನೆಯ ಅರ್ಧ ಗಂಟೆ ನಾವೂ ಹಾಗೆಯೇ ಮಾಡಿದೆವು. ಎಂದೂ ಬಾಯಿ ಬಿಡದವರೇ ಮೊದಲು ಎದ್ದು ಹಾಳೆ ಅಂಟಿಸಿದರು. ಅವುಗಳಲ್ಲಿ ಎರಡು ವಿಷಯಗಳು ಮುಂದಿನ ಸಭೆಯ ಪಟ್ಟಿಯ ತಲೆಯಲ್ಲಿವೆ.