ಸಹಾಯ ಬೇಕು: ‘ತಬರನ ಕಥೆ’ಯ ಒಳ್ಳೆ ಪ್ರಿಂಟ್ ಎಲ್ಲಿ ಸಿಗುತ್ತೆ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಅಪ್ಪನ ಜೊತೆ ಕೂತು ಕನ್ನಡ ಸಿನಿಮಾ ನೋಡುತ್ತಿದ್ದೇನೆ. ಮೊದಲು ‘ತಿಥಿ’. ಗಡ್ಡಪ್ಪ ತನ್ನ ಪಾಡಿಗೆ ನಡೆದು ಹೋಗುವುದನ್ನು ಕಂಡು ಅಪ್ಪ, ‘ಇವನು ಆಕ್ಟಿಂಗೇ ಮಾಡ್ತಿಲ್ಲ ಕಣೋ’ ಅಂದರು. ಮಂಡ್ಯ ಕಡೆಯ ಹಳ್ಳಿ ಜನರೇ ನಟಿಸಿದ್ದು ಅಲ್ವಾ, ಅದಕ್ಕೇ ಇರಬೇಕು. ಆಮೇಲೆ ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತ ಯಮುನಕ್ಕನನ್ನು ನೋಡಿ ಇಬ್ಬರೂ ಮಾತಾಡಲಿಲ್ಲ. ಅಪ್ಪ ಎದ್ದು ಹೋಗಿ ಸುಮ್ನೆ ಗಿಡಕ್ಕೆ ನೀರು ಹಾಕಿದರು, ರಾತ್ರಿ ಹತ್ತು ಗಂಟೆಗೆ!

ಈಗ ‘ತಬರನ ಕಥೆ’ ನೋಡಬೇಕು ಅಂತ ಹಟ. ಸಿನಿಮಾದ ತಬರನ ಹಾಗೆ ಅವರೂ ಪೆನ್ಷನ್‌ಗೆ ತಿಂಗಳುಗಟ್ಟಲೆ ಅಲೆದವರು. ತೇಜಸ್ವಿಯವರ ಕಥೆ ಓದಿದ್ದಾರೆ, ತೆರೆಯ ಮೇಲೆ ತಬರನಾಗಿ ಚಾರುಹಾಸನ್ ಅವರನ್ನು ನೋಡಿಲ್ಲ. ನನಗೆ ಸಿಕ್ಕ ಕಾಪಿಯಲ್ಲಿ ಪಾತ್ರಗಳ ಅರ್ಧ ತಲೆ ಕಟ್ ಆಗಿದೆ, ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತೆ. ಅಪ್ಪನಿಗೆ ಕಿವಿ ಬೇರೆ ಮಂದ.

ಒಳ್ಳೆಯ ಡಿವಿಡಿ, ಒಟಿಟಿ, ಫಿಲ್ಮ್ ಸೊಸೈಟಿ ಪ್ರದರ್ಶನ, ಏನಾದರೂ ಗೊತ್ತಿದ್ದರೆ ತಿಳಿಸಿ. ದುಡ್ಡು ಕೊಟ್ಟೇ ನೋಡುತ್ತೇವೆ, ಕದ್ದ ಲಿಂಕ್ ಬೇಡ. ಕನ್ನಡ ಸಬ್‌ಟೈಟಲ್ ಇದ್ದರಂತೂ ಹಬ್ಬ.